ಬಾಯಿ ತುಂಬ ನೀರು

ಸಿಂಚನಾ, ಚಂದನ್,

ಹೋದ ಭಾನುವಾರ ಮೇಷ್ಟ್ರ ಶ್ರದ್ಧಾಂಜಲಿ ಸಭೆ ಮುಗಿಸಿ ಆಟೋದಲ್ಲಿ ಬರುವಾಗ ನೀವಿಬ್ಬರೂ ನನ್ನ ಮೇಲೆ ಮುನಿಸಿಕೊಂಡಿದ್ದಿರಿ. ಅಜ್ಜಿ ಮೈಕಿನ ಮುಂದೆ ನಿಂತು "ಒಳ್ಳೆಯವರು, ನಮಗೆ ಪಾಠ ಹೇಳಿದ್ದರು" ಎಂದಷ್ಟೇ ಹೇಳಿ ಇಳಿದು ಬಂದಳಲ್ಲ ಎಂದು. "ಮನೇಲಿ ನಿನ್ನ ಬಾಯಿ ಮುಚ್ಚಿಸೋಕೆ ಆಗಲ್ಲ, ಅಲ್ಲಿ ಏನಾಯ್ತಜ್ಜಿ ನಿಂಗೆ?" ಎಂದು ಸಿಂಚನಾ ಕೇಳಿದಳು. "ಸ್ಟೇಜ್ ಮೇಲೆ ಭಯ ಕಣೇ, ಬಿಡು" ಎಂದ ಚಂದನ್. ನಾನು ರಸ್ತೆ ನೋಡುತ್ತ ಕೂತಿದ್ದೆ.

ಏನಾಯಿತು ಎಂದು ಈಗ ಬರೆಯುತ್ತೇನೆ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ, ಕೈ ಬರುತ್ತದೆ. ಏಳನೇ ಕ್ಲಾಸಿನವರೆಗೆ ಓದಿದವಳ ಬರಹ ಇದು. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ನಡೆದದ್ದನ್ನು ತಿದ್ದಬೇಡಿ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ನಿಮಗೆ ಗೊತ್ತೇ ಇದೆ, ಅವರ ಕಥೆ ಪುಸ್ತಕದ ಮೇಲೆ ದೊಡ್ಡದಾಗಿ ಅಚ್ಚಾಗಿದೆ. ನಾವು ಒಂದು ದಿನವೂ ಅವರನ್ನು ಹೆಸರಿನಿಂದ ಕರೆದವರಲ್ಲ. ಮೇಷ್ಟ್ರು ಎಂದರೆ ಅವರೊಬ್ಬರೇ.

ಅವರು ಹಳೇಬೀಡಿನ ಆಚೆಯ ನನ್ನ ತವರೂರಿಗೆ ಬಂದಾಗ ನಾನು ಐದನೇ ಕ್ಲಾಸು. ಅವರಿಗೆ ಇಪ್ಪತ್ತೈದೋ ಇಪ್ಪತ್ತಾರೋ ಇರಬೇಕು. ಬಿಳಿ ಜುಬ್ಬ, ಪಟ್ಟಣದ ಮಾತು, ಒಂದು ಹಳೆಯ ಸೈಕಲ್ಲು. ಬೋರ್ಡನ್ನು ಬಟ್ಟೆಯಿಂದ ಒರೆಸುತ್ತಿರಲಿಲ್ಲ, ಅಂಗೈಯಿಂದ ಒರೆಸುತ್ತಿದ್ದರು. ಸಂಜೆ ಹೊತ್ತಿಗೆ ಅವರ ಬಲಗೈ, ಜುಬ್ಬದ ತೋಳು, ಕೆನ್ನೆ ಎಲ್ಲ ಸುಣ್ಣ ಬಳಿದ ಹಾಗೆ ಇರುತ್ತಿತ್ತು. ನಗುವಾಗ ಆ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಅದಕ್ಕೇ ಅವರ ಮೀಸೆಯೂ ಅರ್ಧ ಬೆಳ್ಳಗಿರುತ್ತಿತ್ತು.

ಮೊದಲು ನೀರಿನ ಕೊಡದ ವಿಷಯ ಬರೆಯಬೇಕು. ಮುಂದಿನದನ್ನು ಓದಿ ನೀವು ಇದನ್ನು ಮರೆಯಬಾರದು.

ಶಾಲೆಯ ಮೂಲೆಯಲ್ಲಿ ಕುಡಿಯುವ ನೀರಿನ ಎರಡು ಮಣ್ಣಿನ ಕೊಡ ಇದ್ದವು. ಒಂದು ನಮಗೆ. ಬಾಯಿ ಒಡೆದ ಇನ್ನೊಂದು, ಊರಾಚೆಯ ಕೇರಿಯ ಮಕ್ಕಳಿಗೆ. ಯಾಕೆ ಎಂದು ನಾವು ಯಾರೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಲಿಂಗಪೂಜೆ ಮಾಡದೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ, ಆದರೆ ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲೂ ಯಾರೂ ಕೇಳಿರಲಿಲ್ಲ. ಮೇಷ್ಟ್ರು ಬಂದ ಎರಡನೇ ದಿನ ಆ ಒಡಕು ಕೊಡವನ್ನು ಎತ್ತಿಕೊಂಡು ಹೋಗಿ ಅಂಗಳದ ಕಲ್ಲಿನ ಮೇಲೆ ಹಾಕಿ ಪುಡಿ ಮಾಡಿದರು. ಒಳಗೆ ಬಂದು ಉಳಿದ ಕೊಡದಿಂದ ಒಂದು ಲೋಟ ನೀರು ತೆಗೆದು ಚೆನ್ನಿಗೆ ಕೊಟ್ಟರು. ಚೆನ್ನಿ ಆ ಕೇರಿಯವಳು, ನನ್ನ ಓರಗೆಯವಳು. ಅವಳು ಕುಡಿದ ಮೇಲೆ ಅದೇ ಲೋಟದಲ್ಲಿ ತಾವು ಕುಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಬಾಯಾರಿಕೆ ಯಾರಿಗಿದೆ?" ಎಂದರು.

ಸಂಜೆ ಊರಿನ ಹಿರಿಯರು ಶಾಲೆಗೆ ಬಂದರು. ನನ್ನ ಅಪ್ಪನೂ ಇದ್ದ.

"ಏನ್ ಮೇಷ್ಟ್ರೇ, ನಮ್ ಮಕ್ಳ ಜಾತಿ ಕೆಡ್ಸಾಕೆ ಬಂದಿದ್ದೀರಾ?"

"ನೀರಲ್ಲಿ ಕರಗಿ ಹೋಗೋದಾದ್ರೆ ನಿಮ್ಮ ಜಾತಿ ಉಪ್ಪಿರಬೇಕು, ಇಲ್ಲ ಬೆಲ್ಲ ಇರಬೇಕು. ಯಾವುದು ಅಂತ ನೀವೇ ಹೇಳಿ" ಎಂದರು ಮೇಷ್ಟ್ರು.

ಹತ್ತು ದಿನ ನಾವ್ಯಾರೂ ಶಾಲೆಗೆ ಹೋಗಲಿಲ್ಲ. ಕೇರಿಯ ಏಳು ಮಕ್ಕಳಿಗೆ ಅವರು ಪಾಠ ಮಾಡಿದರು. ಯಾರೋ ಸೈಕಲ್ಲಿನ ಗಾಳಿ ತೆಗೆದರು, ಅವರು ನಡೆದು ಬಂದರು. ಬಾಡಿಗೆಗೆ ಕೊಟ್ಟಿದ್ದ ಕೋಣೆ ಬಿಡಿಸಿದರು, ಅವರು ಶಾಲೆಯಲ್ಲೇ ಮಲಗಿದರು. ಕೊನೆಗೆ ಊರೇ ಸೋತು ನಮ್ಮನ್ನು ಕಳಿಸಿತು. ಆರು ತಿಂಗಳ ಕಾಲ ನನ್ನ ಅಜ್ಜಿ ನಾನು ಶಾಲೆಯಿಂದ ಬಂದ ಕೂಡಲೇ ತಲೆಗೆ ನೀರು ಚಿಮುಕಿಸುತ್ತಿದ್ದಳು. ಏಳನೇ ತಿಂಗಳು ಅವಳಿಗೇ ಬೇಸರವಾಗಿ ಬಿಟ್ಟಳು.

ಅಂಥ ಧೈರ್ಯವಂತನನ್ನು ನಾನು ಮತ್ತೆ ನೋಡಿಲ್ಲ.

ಕೊಡ ಒಡೆದು ಗೆದ್ದ ಮೇಲೆ ಅವರಿಗೆ ಎಲ್ಲವನ್ನೂ ಸಮ ಮಾಡುವ ಹಂಬಲ ಹತ್ತಿತು. ಬಳಪಗಳನ್ನು ಅಡಿಪಟ್ಟಿ ಇಟ್ಟು ಒಂದೇ ಅಳತೆಗೆ ಮುರಿದು ಕೊಡುತ್ತಿದ್ದರು. ಮಧ್ಯಾಹ್ನದ ಗೋಧಿ ಉಪ್ಪಿಟ್ಟನ್ನು ಸೌಟಿನಲ್ಲಿ ತುಂಬಿ, ಮೇಲೆ ಅದೇ ಅಡಿಪಟ್ಟಿ ಎಳೆದು ನುಣ್ಣಗೆ ಮಾಡಿ ಬಡಿಸುತ್ತಿದ್ದರು. ಒಂದನೇ ಕ್ಲಾಸಿನ ಚಿಕ್ಕವಕ್ಕೂ ಒಂದೇ ಸೌಟು, ಬೆಳಗ್ಗೆ ಹೊಲದಲ್ಲಿ ಗೆಯ್ದು ಬಂದ ದೊಡ್ಡ ಹುಡುಗರಿಗೂ ಒಂದೇ ಸೌಟು. ಚಿಕ್ಕವು ತಿನ್ನಲಾರದೆ ಅಳುತ್ತಿದ್ದವು. ದೊಡ್ಡವರು ತಟ್ಟೆ ನೆಕ್ಕುತ್ತಿದ್ದರು. ಪಾತ್ರೆಯ ತಳದಲ್ಲಿ ದಿನವೂ ಒಂದಷ್ಟು ಉಳಿಯುತ್ತಿತ್ತು. "ನಂಗೆ ಆಕಿ ಸಾ" ಎಂದು ಒಬ್ಬ ಕೇಳಿದರೆ, "ಮೂವತ್ತೊಂದು ಜನರಿಗೆ ಸಮವಾಗಿ ಹಂಚೋಕೆ ಬರುತ್ತಾ ಇದು? ಬರಲ್ಲ. ಅಂದ ಮೇಲೆ ಯಾರಿಗೂ ಬೇಡ" ಎನ್ನುತ್ತಿದ್ದರು. ಆ ಉಪ್ಪಿಟ್ಟನ್ನು ಶಾಲೆಯ ಹಿಂದಿನ ನುಗ್ಗೆಮರದ ಬುಡಕ್ಕೆ ಸುರಿಯುತ್ತಿದ್ದರು. ಕಾಗೆಗಳು ಕಾದಿರುತ್ತಿದ್ದವು.

ಒಮ್ಮೆ ನಮ್ಮನ್ನೆಲ್ಲ ಹುಲಿಕೆರೆಯ ಕೊಳ ತೋರಿಸಲು ನಡೆಸಿಕೊಂಡು ಹೋದರು. ನೀವು ನೋಡಿದ್ದೀರಿ, ಸುತ್ತಲೂ ಮೆಟ್ಟಿಲು, ಇಳಿಯುತ್ತ ಹೋದರೆ ನೀರು. ಬುತ್ತಿ ಬಿಚ್ಚುವಾಗ ಎಲ್ಲರೂ ಒಂದೇ ಮೆಟ್ಟಿಲಿನ ಮೇಲೆ ಕೂರಬೇಕು, ಯಾರೂ ಯಾರಿಗಿಂತ ಮೇಲೆ ಕೂರಬಾರದು ಎಂದರು. ಅವರು ಆರಿಸಿದ ಮೆಟ್ಟಿಲು ನೀರಿಗೆ ಹತ್ತಿರದ್ದು, ಪಾಚಿ ಕಟ್ಟಿದ್ದು. ಮೂವತ್ತೊಂದು ಜನ ಭುಜಕ್ಕೆ ಭುಜ ಒತ್ತಿಕೊಂಡು ಕೂತೆವು. ಕೊನೆಯಲ್ಲಿ ಮೇಷ್ಟ್ರೂ ಕೂತರು. ಲಂಗ, ಚಡ್ಡಿ, ಅವರ ಪಂಚೆ ಎಲ್ಲ ಹಿಂದಿನಿಂದ ಒದ್ದೆ. "ಸಾ, ಮೇಲ್ಗಡೆ ಮೆಟ್ಲು ಒಣಗೈತೆ. ಅದ್ರ ಮ್ಯಾಲೇ ಎಲ್ರೂ ಸಮವಾಗಿ ಕೂತ್ರಾಗಾಕಿಲ್ವಾ?" ಎಂದಳು ಚೆನ್ನಿ. ನಾವು ನಕ್ಕೆವು. ಅವರೂ ಸುಣ್ಣದ ಕೈ ಅಡ್ಡ ಹಿಡಿದು ನಕ್ಕರು. ಆದರೆ ಎದ್ದು ಮೇಲಿನ ಮೆಟ್ಟಿಲಿಗೆ ಹೋಗೋಣ ಎನ್ನಲಿಲ್ಲ. ಹೇಳಿದ್ದನ್ನು ಬದಲಿಸುವುದು ಅವರಿಂದ ಆಗುತ್ತಿರಲಿಲ್ಲ.

ಈಗ ನೀರಿನ ವಿಷಯ.

ಕ್ಲಾಸಿನಲ್ಲಿ ಏನು ಕೇಳಿದರೂ ನಾನು ಇಲ್ಲವೇ ಚೆನ್ನಿ ಹೇಳಿಬಿಡುತ್ತಿದ್ದೆವು. ಮಗ್ಗಿ, ಒಗಟು, ಪದ್ಯ, ನದಿಗಳ ಹೆಸರು. ಆಗ ನನ್ನ ಧ್ವನಿ ಊರ ಬಾವಿಯವರೆಗೆ ಕೇಳುತ್ತಿತ್ತಂತೆ. "ನೀಲಿ ಇವತ್ತು ಹದಿನಾರರ ಮಗ್ಗಿ ಹೇಳಿದ್ಲು" ಎಂದು ಬಾವಿಯ ಹತ್ತಿರ ಹೆಂಗಸರು ಅಮ್ಮನಿಗೆ ಹೇಳುತ್ತಿದ್ದರು. ಮೈಕಿನ ಮುಂದೆ ನನ್ನನ್ನು ನೋಡಿದ ಮೇಲೆ ನೀವು ನಂಬುವುದಿಲ್ಲ.

"ನೀವಿಬ್ಬರೇ ಹೇಳ್ತಾ ಹೋದ್ರೆ ಉಳಿದ ಇಪ್ಪತ್ತೊಂಬತ್ತು ಜನ ಏನು ಕಂಬಗಳಾ?" ಎಂದರು ಮೇಷ್ಟ್ರು. ಅದು ಸರಿಯಾದ ಪ್ರಶ್ನೆಯೇ. ಮೊದಲು ಕೈ ಎತ್ತಬೇಡಿ ಎಂದರು. ಕೈ ತಾನಾಗಿ ಏಳುತ್ತಿತ್ತು. ಹಿಂದಿನ ಸಾಲಿಗೆ ಕಳಿಸಿದರು. ಅಲ್ಲಿಂದಲೂ ಉತ್ತರ ಹಾರಿಬರುತ್ತಿತ್ತು. ಒಂದು ದಿನ ಅವರು ಕೊಡದ ಹತ್ತಿರ ಹೋಗಿ, ಚೆನ್ನಿಗೆ ಕೊಟ್ಟಿದ್ದ ಅದೇ ಲೋಟದಲ್ಲಿ ನೀರು ತಂದರು.

"ಬಾಯಿ ತುಂಬ ಹಿಡ್ಕೊಳ್ಳಿ. ನುಂಗಬಾರದು, ಉಗುಳಬಾರದು. ಕೊನೇ ಮಗು ಉತ್ತರ ಹೇಳೋವರೆಗೆ."

ಹೊಡೆಯುವ ಮೇಷ್ಟ್ರಲ್ಲ ಅವರು. ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಇದು ಶಿಕ್ಷೆಯಲ್ಲ, ಉಳಿದವರಿಗೆ ದಾರಿ ಬಿಡುವುದು ಎಂದು ನಗುತ್ತಲೇ ಹೇಳಿದರು.

ನೀವೂ ಒಮ್ಮೆ ಬಾಯಲ್ಲಿ ನೀರು ಹಿಡಿದು ನೋಡಿ. ಮೊದಲು ತಣ್ಣಗಿರುತ್ತದೆ, ಆಮೇಲೆ ಬೆಚ್ಚಗಾಗುತ್ತದೆ, ಆಮೇಲೆ ಅದು ನೀರಲ್ಲ. ದವಡೆ ಸೆಳೆಯುತ್ತದೆ. ಕಣ್ಣಲ್ಲಿ ನೀರು ಬರುತ್ತದೆ. ನೆಗಡಿಯಾದ ದಿನ ಉಸಿರು ಕಟ್ಟಿ ನಾನು ಸ್ಲೇಟಿನ ಮೇಲೆಲ್ಲ ಕೆಮ್ಮಿಬಿಟ್ಟೆ. ಮೇಷ್ಟ್ರು ಸ್ಲೇಟನ್ನು ತಾವೇ ಒರೆಸಿ, ಇನ್ನೊಂದು ಲೋಟ ಕೊಟ್ಟರು. ಎಲ್ಲರಿಗಿಂತ ನಿಧಾನ ರಂಗ ಎಂಬ ಹುಡುಗ. ಅವನ ಸರದಿ ಬಂದಾಗ ಎಲ್ಲರೂ "ಬೇಗ ಹೇಳ್ಲಾ, ನೀಲಿ ಸತ್ತೋಯ್ತಾಳೆ" ಎಂದು ಕೂಗುವರು. ಕೂಗಿದಷ್ಟೂ ಅವನಿಗೆ ತೊದಲು. ನನ್ನ ಊದಿದ ಕೆನ್ನೆ ನೋಡಿ ಅವನು ಅಳುತ್ತಿದ್ದ. ಆರನೇ ಕ್ಲಾಸಿನ ಮಧ್ಯದಲ್ಲೇ ಅವನು ಶಾಲೆ ಬಿಟ್ಟ. ಸಮ ಮಾಡಿದ್ದು ಅವನಿಗೋಸ್ಕರ. ಮೊದಲು ಹೋದವನೂ ಅವನೇ.

ಚೆನ್ನಿ ಮಾತ್ರ ಒಂದು ತಿಂಗಳಿಗೇ ಉಪಾಯ ಕಂಡುಕೊಂಡಳು. ಕೊಟ್ಟ ನೀರನ್ನು ಗಟಗಟ ಕುಡಿದು, ಖಾಲಿ ಬಾಯಿಗೆ ಗಾಳಿ ತುಂಬಿ ಕೆನ್ನೆ ಊದಿಸಿಕೊಂಡು ಕೂರುತ್ತಿದ್ದಳು. ಮೇಷ್ಟ್ರು ಆಚೆ ತಿರುಗಿದರೆ ನನ್ನ ಕಿವಿಯಲ್ಲಿ, "ನೀನೂ ಕುಡ್ದಾಕೇ, ಪೆದ್ದಿ. ಅವ್ರೇನು ಬಾಯೊಳ್ಗೆ ಕೈ ಹಾಕ್ತಾರಾ?" ಎನ್ನುವಳು. ನಾನು ಕುಡಿಯಲಿಲ್ಲ. ಮೇಷ್ಟ್ರು ಹಿಡಿದುಕೋ ಎಂದಿದ್ದಾರೆ, ಹಿಡಿದುಕೊಂಡೆ. ಒಂದೂವರೆ ವರ್ಷ.

ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ನನಗೆ ನೀರು ಕೊಡುವುದೇ ಬೇಕಿರಲಿಲ್ಲ. ಪ್ರಶ್ನೆ ಕೇಳಿದ ಕೂಡಲೇ ದವಡೆ ತಾನಾಗಿ ಬಿಗಿಯುತ್ತಿತ್ತು. "ನೋಡಿ, ನೀಲ ಈಗ ಎಲ್ಲರ ಹಾಗಾಗಿದ್ದಾಳೆ" ಎಂದು ಮೇಷ್ಟ್ರು ಒಂದು ದಿನ ಎಲ್ಲರ ಮುಂದೆ ಮೆಚ್ಚಿಕೊಂಡರು. ನನಗೆ ಹೆಮ್ಮೆಯಾಯಿತು ಕಣ್ರೋ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಆದರೆ ಪರೀಕ್ಷೆಯನ್ನು ಕೈಯಲ್ಲಿ ಬರೆಯುತ್ತಾರಲ್ಲ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ನಾನು ಶಾಲೆಗೆ ಮೊದಲು ಬಂದೆ, ಚೆನ್ನಿ ಎರಡನೆಯವಳು. ಆ ವರ್ಷವೇ ಬೇಲೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಕಾಗದ ಬಂತು. ಸುತ್ತಲಿನ ಒಂದೊಂದು ಶಾಲೆಯಿಂದ ಒಬ್ಬ ಹುಡುಗಿಯನ್ನು ಕಳಿಸಬಹುದು, ಊಟ, ಬಟ್ಟೆ, ಹೈಸ್ಕೂಲು ಓದು ಎಲ್ಲ ಪುಕ್ಕಟೆ, ಯಾರನ್ನು ಕಳಿಸಬೇಕು ಎನ್ನುವುದನ್ನು ಮೇಷ್ಟ್ರೇ ತೀರ್ಮಾನಿಸಬೇಕು. ಹೆಣ್ಣುಮಕ್ಕಳನ್ನು ಊರು ಬಿಡಿಸಿ ಓದಿಸದ ನನ್ನ ಅಪ್ಪ ಕೂಡ, "ಬೇಲೂರಲ್ಲಿ ನಿಮ್ ಚಿಕ್ಕಮ್ಮ ಅವ್ಳಲ್ಲ, ಹೋಗ್ಲಿ ಬಿಡು" ಎಂದಿದ್ದ. ಅಮ್ಮ ತನ್ನ ಮದುವೆಯ ತಗಡಿನ ಪೆಟ್ಟಿಗೆಯನ್ನು ಬೂದಿ ಹಾಕಿ ಉಜ್ಜಿ ಬಿಸಿಲಿಗಿಟ್ಟಳು. ಮೂರು ದಿನ ಆ ಪೆಟ್ಟಿಗೆ ಅಂಗಳದಲ್ಲಿ ಹೊಳೆಯುತ್ತಿತ್ತು. ನಾನಲ್ಲದಿದ್ದರೆ ಚೆನ್ನಿ, ಚೆನ್ನಿಯಲ್ಲದಿದ್ದರೆ ನಾನು ಎಂದು ಊರಿಗೆಲ್ಲ ಗೊತ್ತಿತ್ತು.

ಮೇಷ್ಟ್ರು ಪಾಸಾದ ಆರು ಹುಡುಗಿಯರನ್ನೂ ಕರೆದು ನಿಲ್ಲಿಸಿದರು. ಆರು ಚೀಟಿ ಬರೆದರು. ನೀರಿನ ಲೋಟವನ್ನು ಜುಬ್ಬದ ತುದಿಯಿಂದ ಒರೆಸಿ ಅದರೊಳಗೆ ಹಾಕಿ ಅಲ್ಲಾಡಿಸಿದರು. ಒಂದನೇ ಕ್ಲಾಸಿನ ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸಿದರು. ಗಿರಿಜಾ ಎಂದು ಬಂತು. ಅಂಗಡಿ ಸಾಹುಕಾರರ ಒಬ್ಬಳೇ ಮಗಳು. ಕೂಡಲೇ ಅತ್ತವಳು ಅವಳೇ, ಅಮ್ಮನನ್ನು ಬಿಟ್ಟು ಹೋಗಬೇಕಲ್ಲ ಎಂದು. ಆಮೇಲೆ ನಾವು ಐವರೂ ಅತ್ತೆವು.

ಸಾಹುಕಾರರು ಅಂದೇ ಬಂದರು. "ಮೇಷ್ಟ್ರೇ, ನಮ್ ಹುಡ್ಗಿಗೆ ಮನಸಿಲ್ಲ. ನೀಲಿನೋ ಚೆನ್ನಿನೋ ಕಳ್ಸಿ, ಓದೋ ಮಕ್ಳು" ಎಂದರು. ಕೊಡ ಒಡೆದಾಗ ಮುಂದೆ ನಿಂತು ಜಗಳವಾಡಿದ್ದ ಮನುಷ್ಯ ಚೆನ್ನಿಯನ್ನು ಕಳಿಸಿ ಎಂದಿದ್ದರು. ಮೇಷ್ಟ್ರಿಗೆ ಅದು ತಮ್ಮದೇ ಗೆಲುವು ಎನ್ನುವುದು ಕಾಣಲಿಲ್ಲ. "ಚೀಟಿಗೆ ಯಾರ ಮುಖವೂ ಗೊತ್ತಿಲ್ಲ. ಅದು ಮಾಡಿದ್ದೇ ನ್ಯಾಯ" ಎಂದು ಗಿರಿಜಳನ್ನೇ ಕಳಿಸಿದರು. ಗೌರಿ ಹಬ್ಬಕ್ಕೆ ಊರಿಗೆ ಬಂದ ಗಿರಿಜಾ ಮತ್ತೆ ಬೇಲೂರಿನ ಬಸ್ಸು ಹತ್ತಲಿಲ್ಲ.

ಅಮ್ಮ ನನ್ನನ್ನು ಮೇಷ್ಟ್ರ ಹತ್ತಿರ ಕಳಿಸಿದಳು. ಒಬ್ಬಳಿಗೇ ಹೋಗಲು ಧೈರ್ಯವಿಲ್ಲದೆ ಚೆನ್ನಿಯನ್ನು ಕರೆದುಕೊಂಡು ಹೋದೆ. ಅವರು ಬೋರ್ಡು ಒರೆಸುತ್ತಿದ್ದರು. ನಾನು "ಸಾ" ಎಂದೆ. ಮುಂದಿನ ಮಾತು ಬರಲಿಲ್ಲ. ಚೆನ್ನಿಯೇ ಹೇಳಿದಳು.

"ಸಾ, ಗಿರ್ಜಿ ಬಂದ್ಬುಟ್ಟವ್ಳೆ. ಜಾಗ ಖಾಲಿ ಐತಂತೆ. ನೀಲಿನ ಕಳ್ಸಿ. ಇಲ್ಲಾ ನನ್ನ ಕಳ್ಸಿ. ಇಲ್ಲಾ ಇನ್ನೊಂದ್ಸಲ ಚೀಟಿ ಎತ್ತಿ."

ಮೇಷ್ಟ್ರು ನಮ್ಮ ಎದುರು ಕುಕ್ಕರಗಾಲಲ್ಲಿ ಕೂತರು. ಮಕ್ಕಳ ಜೊತೆ ಮಾತಾಡುವಾಗ ಹಾಗೇ, ಮಕ್ಕಳ ಎತ್ತರಕ್ಕೆ ಇಳಿಯುತ್ತಿದ್ದರು. "ಅವತ್ತು ಐದು ಜನ ಅತ್ತಿದ್ದನ್ನ ನೋಡಿದೀನಿ ಕಣ್ರಮ್ಮ. ನನಗೆ ನಿದ್ದೆ ಬಂದಿಲ್ಲ. ಈಗ ಒಬ್ಬಳನ್ನ ಕಳಿಸಿದ್ರೆ ಮತ್ತೆ ನಾಲ್ಕು ಜನ ಅಳಬೇಕು. ಯಾರೂ ಹೋಗದಿದ್ರೆ ಎಲ್ಲರೂ ಸಮ, ಅಲ್ವಾ?" ಎಂದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ನನ್ನ ದವಡೆ ಬಿಗಿದುಕೊಂಡಿತ್ತು. ತಲೆ ಆಡಿಸಿ ಬಂದೆ. ದಾರಿಯಲ್ಲಿ ಚೆನ್ನಿ ನನಗೆ ಬೈದಳು. "ನೀನು ಒಂದ್ ಮಾತು ಬಾಯ್ಬಿಟ್ಟು ಕೇಳಿದ್ರೆ ಕಳಿಸ್ತಿದ್ರು. ನನ್ ಮಾತು ಯಾರ್ ಕೇಳ್ತಾರೆ?"

ಆ ಚಳಿಗಾಲದಲ್ಲಿ ಚಿಕ್ಕಮ್ಮನ ಮನೆಗೆ ಬೇಲೂರಿಗೆ ಹೋಗಿದ್ದಾಗ ನಾನು ಆ ಹಾಸ್ಟೆಲಿನ ಒಳಗೆ ಹೋಗಿ ನೋಡಿದೆ. ಉದ್ದನೆಯ ಕೋಣೆ, ಸಾಲಾಗಿ ಕಬ್ಬಿಣದ ಮಂಚಗಳು. ಕಿಟಕಿಯ ಪಕ್ಕದ ಒಂದರಲ್ಲಿ ಮಾತ್ರ ಹಾಸಿಗೆ ಸುತ್ತಿಟ್ಟಿತ್ತು. ಅದರ ಮೇಲೆ ಉಳಿದ ಹುಡುಗಿಯರು ಒದ್ದೆ ಟವೆಲು ಒಣಗಲು ಹಾಕಿದ್ದರು. "ಅದು ನಿಮ್ಮೂರಿಂದು ಕಣಮ್ಮ. ಈ ವರ್ಷ ಹಾಗೇ ಬಿದ್ದಿದೆ. ನೀನ್ಯಾಕೆ ಬರಲಿಲ್ಲ?" ಎಂದು ಮೇಲ್ವಿಚಾರಣೆಯ ಹೆಂಗಸು ಕೇಳಿದರು. ನನಗೆ ನುಗ್ಗೆಮರದ ಬುಡದ ಉಪ್ಪಿಟ್ಟು ನೆನಪಿಗೆ ಬಂತು.

ಮೇಷ್ಟ್ರಿಗೆ ಮುಂದಿನ ವರ್ಷ ವರ್ಗವಾಯಿತು. ನಾನು ಹದಿನಾರಕ್ಕೆ ಮದುವೆಯಾಗಿ ಅರಸೀಕೆರೆ ಕಡೆಯ ಈ ತೋಟದ ಮನೆಗೆ ಬಂದೆ. ನಿಮ್ಮ ತಾತ ಒಳ್ಳೆಯವರು, ಓದಲು ಪೇಪರು ತಂದುಕೊಡುತ್ತಿದ್ದರು. ಆದರೆ ಮನೆಗೆ ನಾಲ್ಕು ಜನ ಹೊಸಬರು ಬಂದರೆ ನಾನು ಅಡುಗೆಮನೆ ಸೇರುತ್ತಿದ್ದೆ. ಬಲು ನಾಚಿಕೆ ಸ್ವಭಾವದ ಸೊಸೆ ಎಂದು ಅತ್ತೆ ಹೊಗಳುತ್ತಿದ್ದರು. ಹುಟ್ಟಿನಿಂದ ಬಂದ ಸ್ವಭಾವ ಅದಲ್ಲ ಎಂದು ನಾನು ಹೇಳಲಿಲ್ಲ.

ಇನ್ನು ಮುಂದಿನದು ಸಿಂಚನಾಗೆ ಗೊತ್ತು, ಅರ್ಧ ಮಾತ್ರ ಗೊತ್ತು. ಎರಡು ವರ್ಷದ ಹಿಂದೆ ನಾನು ಅವರೆಕಾಳು ಇದುಕುತ್ತ ಕೂತಿದ್ದೆ. ನೀನು ಕಾಲೇಜಿನಿಂದ ಒಂದು ಪುಸ್ತಕ ತಂದು, "ಅಜ್ಜಿ, ಈ ಕಥೆ ಕೇಳು, ಮೈ ಜುಂ ಅನ್ನುತ್ತೆ. ಇದನ್ನ ಬರೆದವ್ರು ನಮ್ಮ ಕಾಲೇಜಿಗೆ ಬರ್ತಿದಾರೆ" ಎಂದು ಓದತೊಡಗಿದೆ.

ಮುಂದೆ ಯಾವುದೋ ಕಾಲದಲ್ಲಿ ನಡೆಯುವ ಕಥೆ. ಅಲ್ಲಿನ ಆಳುವವರು ಎಲ್ಲರೂ ಸಮ ಇರಬೇಕೆಂದು ಡಂಗುರ ಹೊಡೆಸುತ್ತಾರೆ. ಯಾರ ಬಾವಿಯ ನೀರು ಸಿಹಿಯೋ ಅವರು ದಿನವೂ ಒಂದು ಹಿಡಿ ಉಪ್ಪು ಸುರಿಯಬೇಕು. ಹೂ ಕಟ್ಟುವ ಕೈ ಚುರುಕಾಗಿದ್ದರೆ ಎರಡು ಬೆರಳು ಸೇರಿಸಿ ದಾರ ಸುತ್ತಿಕೊಳ್ಳಬೇಕು. ಚೆನ್ನಾಗಿ ಮಾತಾಡುವವರು ಸೂರ್ಯ ಮುಳುಗುವವರೆಗೆ ಬಾಯಲ್ಲಿ ನೀರು ಹಿಡಿದಿರಬೇಕು. ಕೊನೆಗೆ ಒಂದು ಹುಡುಗಿ ಅಧಿಕಾರಿಯ ಕಾಲ ಬುಡಕ್ಕೆ ಆ ನೀರನ್ನು ಉಗುಳಿ, ಇಡೀ ಊರಿಗೆ ಕೇಳುವ ಹಾಗೆ ಮಾತಾಡುತ್ತಾಳೆ. ಅವಳನ್ನು ಎಳೆದುಕೊಂಡು ಹೋಗುತ್ತಾರೆ. ಊರಿನವರೆಲ್ಲ ಒಬ್ಬೊಬ್ಬರಾಗಿ ಬಾಯಿಯ ನೀರನ್ನು ಉಗುಳುತ್ತಾರೆ.

ಬಾಯಿಯ ನೀರು ಬಂದಾಗಲೇ ನನ್ನ ಕೈ ನಿಂತಿತ್ತು. ಬರೆದವರ ಹೆಸರು ಕೇಳಿದೆ. ನೀನು ಹೇಳಿದೆ. "ನಾನೂ ಬರ್ತೀನಿ ನಿನ್ನ ಕಾಲೇಜಿಗೆ" ಎಂದಾಗ ನಿನಗೆ ಆಶ್ಚರ್ಯವಾಯಿತು.

ಅವರನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ತಲೆಯೆಲ್ಲ ಬೆಳ್ಳಗೆ, ಬೆನ್ನು ಬಾಗಿತ್ತು, ನಗುವಾಗ ಬಾಯಿಗೆ ಅಡ್ಡ ಹಿಡಿಯುವ ಕೈ ಮಾತ್ರ ಅದೇ. ಒಂದು ಹುಡುಗಿ ಎದ್ದು, "ಸರ್, ಬಾಯಲ್ಲಿ ನೀರು ಹಿಡಿಸೋದು ನಿಮಗೆ ಹೇಗೆ ಹೊಳೀತು?" ಎಂದು ಕೇಳಿದಳು. ಅವರು "ಕಲ್ಪನೆ ಕಣಮ್ಮ. ಬರೆಯುವಾಗ ಎಲ್ಲಿಂದಲೋ ಬರುತ್ತೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನೀನೂ ತಟ್ಟಿದೆ.

ಆಮೇಲೆ ಕಾಫಿ ಕೊಡುವಾಗ ನಾನು ಹತ್ತಿರ ಹೋಗಿ ಕೈ ಮುಗಿದೆ. ಊರಿನ ಹೆಸರು ಹೇಳಿದೆ. ಅವರ ಮುಖ ಅರಳಿತು.

"ನನ್ನ ಮೊದಲನೇ ಶಾಲೆ! ನೀನು… ನೀಲ ಅಲ್ವಾ? ತುಂಬ ಸಾಧು ಹುಡುಗಿ. ಬಾಯಿ ಬಿಟ್ಟು ಮಾತೇ ಆಡ್ತಿರಲಿಲ್ಲ."

"ಬಾಯಿ ತುಂಬ ನೀರಿರ್ತಿತ್ತಲ್ಲ ಸಾ" ಎಂದೆ.

ಸುತ್ತ ಇದ್ದವರು ಅಜ್ಜಿ ಕಥೆ ಓದಿಕೊಂಡು ಬಂದಿದ್ದಾಳೆ ಎಂದು ನಕ್ಕರು. ಮೇಷ್ಟ್ರ ಕೈ ಮಾತ್ರ ಬಾಯಿಗೆ ಅಡ್ಡ ಬರಲಿಲ್ಲ. ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು, ದನಿ ತಗ್ಗಿಸಿ ಹೇಳಿದರು.

"ಎಲ್ಲರೂ ಒಂದೇ ಅಂತ ಕಲಿಸಬೇಕಿತ್ತು ಕಣಮ್ಮ. ಆಗ ನಿಮ್ಮೂರು ಹೇಗಿತ್ತು ಅಂತ ನಿನಗೂ ಗೊತ್ತು."

"ಗೊತ್ತು ಸಾ. ಕೊಡ ಒಡೆದದ್ದು ಮರೆತಿಲ್ಲ. ಆ ಮಂಚ…"

"ಯಾವ ಮಂಚ?"

ಬೇಲೂರು, ಹಾಸ್ಟೆಲ್ಲು, ಚೀಟಿ ಎಂದು ನಾನು ಮೂರು ಮಾತು ಹೇಳಿದೆ. ಅವರು ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನೆಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ. ಬಾಯಿಯ ನೀರು ಕಥೆಗೆ ಬೇಕಾಗಿತ್ತು, ಉಳಿದಿತ್ತು. ಮಂಚ ಬೇಕಾಗಿರಲಿಲ್ಲ, ಹೋಗಿತ್ತು. ಅಷ್ಟರಲ್ಲಿ ಸಿಂಚನಾ, ನೀನು ಮೊಬೈಲು ಹಿಡಿದು ಬಂದು "ಸರ್, ನಮ್ಮಜ್ಜಿ ಜೊತೆ ಒಂದು ಫೋಟೋ" ಎಂದೆ. ಆ ಫೋಟೋದಲ್ಲಿ ನನ್ನ ತುಟಿ ಬಿಗಿದುಕೊಂಡಿದೆ, ನೋಡು.

ಆ ಕಥೆಯನ್ನು ಆಮೇಲೆ ನಾನೇ ನಾಲ್ಕು ಸಲ ಓದಿದೆ. ಚೆನ್ನಾಗಿದೆ. ಅದರಲ್ಲಿನ ಅಧಿಕಾರಿಗೆ ಮುಖವಿಲ್ಲ. ದನಿ ಕಲ್ಲಿನ ಹಾಗೆ, ಬೂಟು, ಲಾಠಿ. ಓದಿದವರಿಗೆ ಭಯವಾಗುತ್ತದೆ, ಆದರೆ ಅಂಥವರು ಬಂದರೆ ದೂರದಿಂದಲೇ ಗೊತ್ತಾಗುತ್ತದೆ ಎಂದು ಧೈರ್ಯವೂ ಆಗುತ್ತದೆ. ನಮ್ಮೂರಿಗೆ ಬಂದದ್ದು ಹಾಗಲ್ಲ. ಬಿಳಿ ಜುಬ್ಬ ಹಾಕಿಕೊಂಡು, ಸೈಕಲ್ಲಿನ ಮೇಲೆ, ಮಕ್ಕಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಒದ್ದೆ ಮಾಡಿಕೊಂಡು ಬಂತು. ಉಗುಳಬೇಕು ಎಂದು ನಮಗೆ ಅನ್ನಿಸಲೇ ಇಲ್ಲ. ಅವರು ತಮ್ಮ ಮುಖವನ್ನೇ ಆ ಅಧಿಕಾರಿಗೆ ಬರೆದಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು ಎಂದು ಪೇಪರಿನಲ್ಲಿ ಓದಿದ ಮಾರನೇ ದಿನ ಅರಸೀಕೆರೆ ಸಂತೆಯಲ್ಲಿ ಚೆನ್ನಿ ಸಿಕ್ಕಳು. ಅವಳನ್ನೂ ಈ ಕಡೆಗೇ ಮದುವೆ ಮಾಡಿಕೊಟ್ಟಿದ್ದರು. ನಲವತ್ತು ವರ್ಷ ತೆಂಗಿನಕಾಯಿ ಸುಲಿದಿದ್ದಾಳೆ, ನಮ್ಮ ತೋಟದ್ದನ್ನೂ. ಈಗಲೂ ಸಂತೆಯಲ್ಲಿ ಲೆಕ್ಕವನ್ನು ಮೊಬೈಲಿಗಿಂತ ಮೊದಲು ಹೇಳಿಬಿಡುತ್ತಾಳೆ. ವಿಷಯ ಹೇಳಿದೆ. ಬಾಯಿಯ ಎಲೆಅಡಿಕೆ ಉಗಿದು ನಿಂತಳು.

"ಹೋದ್ರಾ? ಪಾಪ. ಕೊಡ ಒಡೆದ ಮನುಷ್ಯ ಕಣೇ. ಅವತ್ತು ಅವ್ರು ಅದನ್ನ ಒಡೀದಿದ್ರೆ ನಾನು ಇವತ್ತು ನಿನ್ ಜೊತೆ ಹಿಂಗೆ ಮೈಗೆ ಮೈ ತಾಗಿಸ್ಕೊಂಡು ನಿಂತಿರ್ತಿದ್ನಾ?" ಎಂದಳು. ಆಮೇಲೆ ಕಾಯಿ ಸುಲಿದು ದಡ್ಡುಗಟ್ಟಿದ ಅಂಗೈಯನ್ನು ನನ್ನ ಕೈಯ ಪಕ್ಕ ಇಟ್ಟು ತೋರಿಸಿದಳು. "ಆ ಮಂಚ ಒಂದನ್ನ ಮಾತ್ರ ಬಿಡಾಕಿಲ್ಲ ನಾನು. ಯಾರೂ ಹೋಗದಿದ್ರೆ ಎಲ್ರೂ ಸಮ ಅಂದ್ರಲ್ಲ. ನೀನು ತೋಟದ ಮನೆ ಸೇರ್ದೆ, ನಾನು ಅದೇ ತೋಟದ ಕಾಯಿ ಸುಲ್ದೆ. ಸಮ ಆದ್ವೇನೇ ನೀಲಿ?"

ಐವತ್ತು ವರ್ಷ ನನ್ನ ನಷ್ಟವನ್ನೇ ನೆನೆಸಿಕೊಂಡು ಕೂತಿದ್ದವಳು ನಾನು.

"ಸಭೆ ಮಾಡ್ತಾರಂತೆ, ಶಿಷ್ಯರನ್ನ ಮಾತಾಡಿ ಅಂದಿದ್ದಾರೆ. ನೀನೂ ಬಾರೇ" ಎಂದೆ.

"ನನ್ನ ಯಾರು ಕರೆದವ್ರೆ? ನೀನು ಹೇಳು. ಎರಡೂ ಹೇಳು, ಕೊಡಾನೂ ಹೇಳು, ಮಂಚಾನೂ ಹೇಳು. ಕೆನ್ನೆ ಊದಿಸ್ಕೊಂಡು ನಿಂತ್ಕಬ್ಯಾಡ."

ಹೇಳಬೇಕೆಂದೇ ಹೋಗಿದ್ದೆ ಮಕ್ಕಳೇ. ಎರಡು ರಾತ್ರಿ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ನನಗಿಂತ ಮೊದಲು ಮಾತಾಡಿದವರೆಲ್ಲ ಆ ಕಥೆಯನ್ನು ಹೊಗಳಿದರು. ಮನುಷ್ಯನ ಬಾಯಿ ಕಟ್ಟುವವರ ವಿರುದ್ಧ ಬದುಕಿಡೀ ಬರೆದವರು ಎಂದರು. ನನ್ನ ಹೆಸರು ಕರೆದಾಗ ನಿರೂಪಣೆಯ ಹುಡುಗಿ, "ಎರಡೇ ನಿಮಿಷ ಅಜ್ಜಿ, ಎಲ್ಲರಿಗೂ ಸಮ" ಎಂದು ನಕ್ಕು ಮೈಕು ಬಗ್ಗಿಸಿದಳು. ಮೇಜಿನ ಮೇಲೆ ಅವರ ಫೋಟೋ, ಹೂವಿನ ಹಾರ, ಪಕ್ಕದಲ್ಲಿ ಭಾಷಣ ಮಾಡುವವರಿಗೆಂದು ಒಂದು ಲೋಟ ನೀರು. ದವಡೆ ಬಿಗಿಯಿತು. ನಾಲಿಗೆಯ ಕೆಳಗೆ ಬೆಚ್ಚಗಾಯಿತು. ನೀವು ಕೇಳಿದ ಆ ಒಂದು ಸಾಲು ಮಾತ್ರ ಹೇಗೋ ಹೊರಗೆ ಬಂತು. ಅದು ಸುಳ್ಳಲ್ಲ. ಆದರೆ ಅದರಲ್ಲಿ ಕೊಡವೂ ಇರಲಿಲ್ಲ, ಮಂಚವೂ ಇರಲಿಲ್ಲ. ಚೆನ್ನಿ ಹೇಳಿಕಳಿಸಿದ್ದನ್ನು ಹೇಳಲಿಲ್ಲ.

ಅದಕ್ಕೇ ಈ ಹಾಳೆಗಳು. ಇವನ್ನು ಮೊದಲು ಚೆನ್ನಿಗೆ ತೋರಿಸಿ. ಅವಳು ಓದಬಲ್ಲಳು. ನಾನು ಏನಾದರೂ ಬಿಟ್ಟಿದ್ದರೆ ಮುಲಾಜಿಲ್ಲದೆ ಹೇಳುತ್ತಾಳೆ, ಅದನ್ನೂ ಕೆಳಗೆ ಬರೆದುಕೊಳ್ಳಿ. ಆಮೇಲೆ ಕಪಾಟಿನಲ್ಲಿ ಬಚ್ಚಿಡಬೇಡಿ. ಸಿಂಚನಾ, ನಿನ್ನ ಹತ್ತಿರ ಅವರು ಸಹಿ ಹಾಕಿ ಕೊಟ್ಟ ಪುಸ್ತಕ ಇದೆಯಲ್ಲ, ಅದರಲ್ಲಿ ಆ ಕಥೆ ಮುಗಿಯುವ ಕಡೆ ಈ ಹಾಳೆಗಳನ್ನು ಸೇರಿಸಿ ಸೂಜಿದಾರದಿಂದ ಹೊಲಿದುಬಿಡು. ಅಂಟು ಹಾಕಬೇಡ, ಬಿಟ್ಟುಹೋಗುತ್ತದೆ. ಆ ಪುಸ್ತಕ ಯಾರ ಕೈಗೆ ಹೋದರೂ ಇವೂ ಹೋಗಲಿ. ನೀರನ್ನು ಉಗುಳಿದ ಹುಡುಗಿಯನ್ನು ಮೆಚ್ಚಿಕೊಂಡು ಓದುವವರು ಪುಟ ತಿರುಗಿಸಿದಾಗ, ಅದನ್ನು ಬಾಯಲ್ಲೇ ಹಿಡಿದುಕೊಂಡು ಕೂತ ಹುಡುಗಿಯೂ ಒಬ್ಬಳು ಸಿಗಲಿ.